ಕನ್ನಡ ನಾಡಿನಲ್ಲಿ ಅಕ್ಷರಪೂಜೆ: ಶಾಸನದಿಂದ ಓಲೆಗರಿಯವರೆಗೆ

ಕನ್ನಡ ನಾಡಿನಲ್ಲಿ ಬರಹಕ್ಕೆ ಸಂದ ಭಯಭಕ್ತಿಯ ಹಳೆಯ ಗುರುತುಗಳು ಶಾಸನಗಳಲ್ಲಿ ಉಳಿದಿವೆ. ಚನ್ನಪಟ್ಟಣ, ಮಾಗಡಿ, ಕನಕಪುರ ಸೀಮೆಯ ಶಾಸನಗಳನ್ನು ಬಿ.ಎಲ್. ರೈಸ್ 1905ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ 9ನೇ ಸಂಪುಟದಲ್ಲಿ ಪ್ರಕಟಿಸಿದರು. ದಾನಶಾಸನಗಳ ಕೊನೆಗೆ ಹೆಚ್ಚಾಗಿ ಶಾಪವಿರುತ್ತದೆ: ದತ್ತಿ ಕಸಿದವನು 60,000 ವರ್ಷ ಅಮೇಧ್ಯದ ಹುಳುವಾಗಿ ಬೀಳುತ್ತಾನೆ. ಕಲ್ಲಿನ ನೆತ್ತಿಯಲ್ಲಿ ಸೂರ್ಯಚಂದ್ರರು ಸಾಕ್ಷಿಗೆ ನಿಂತಿರುತ್ತಾರೆ. ಹಳೆಯ ಲಿಪಿ ಓದುವವರು ಇಲ್ಲವಾದ ಮೇಲೂ ಎಷ್ಟೋ ಊರುಗಳಲ್ಲಿ ಈ ಕಲ್ಲುಗಳಿಗೆ ಅರಿಶಿನ ಕುಂಕುಮ ತಪ್ಪಲಿಲ್ಲ. ಅಡಿಯಲ್ಲಿ ನಿಧಿಯಿದೆಯೆಂದು ಒಡೆದುಹಾಕಿದ ಕಲ್ಲುಗಳೂ ಉಂಟು.

ಓಲೆಗರಿಯ ಕಾಲದಲ್ಲಿ ಜೈನರು ಶಾಸ್ತ್ರದಾನವನ್ನು ನಾಲ್ಕು ದಾನಗಳಲ್ಲಿ ಒಂದೆಂದು ಎಣಿಸಿದರು. 10ನೇ ಶತಮಾನದ ಅತ್ತಿಮಬ್ಬೆ ಕವಿ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು. ಅಕ್ಷರಕ್ಕೆ ಇದಕ್ಕಿಂತ ದೊಡ್ಡ ಪೂಜೆ ಬೇರೊಂದಿಲ್ಲ. ಮೂಡುಬಿದಿರೆಯ ಬಸದಿಯಲ್ಲಿದ್ದ ಧವಲಾ ಎಂಬ ಜೈನ ಸಿದ್ಧಾಂತಗ್ರಂಥದ ಹಾದಿ ಬೇರೆ. ಶತಮಾನಗಳ ಕಾಲ ಅದು ಭಕ್ತರ ದರ್ಶನಕ್ಕಷ್ಟೇ ಸಿಗುತ್ತಿತ್ತು. 19ನೇ ಶತಮಾನದ ಕೊನೆಗೆ ಪ್ರತಿ ಮಾಡುವ ಕೆಲಸ ಶುರುವಾಯಿತು, 1939ರಲ್ಲಿ ಹೀರಾಲಾಲ್ ಜೈನ್ ಸಂಪಾದಿಸಿದ ಮೊದಲ ಸಂಪುಟ ಅಚ್ಚಾಯಿತು.

ವೀರಶೈವರಲ್ಲಿ ವಚನದ ಕಟ್ಟು ಲಿಂಗದಷ್ಟೇ ಪೂಜ್ಯವಾಯಿತು. ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ಗದ್ದುಗೆಯಿರುವ ತೋಂಟದ ಸಿದ್ಧಲಿಂಗರ ಶಿಷ್ಯಪರಂಪರೆ ವಚನಗಳನ್ನು ಕೂಡಿಸಿತು, ನಕಲು ಮಾಡಿತು. ಆನೇಕಲ್ ಗಡಿಯಾಚೆ, ಇಂದು ತಮಿಳುನಾಡಿಗೆ ಸೇರಿದ ಗುಮ್ಮಳಾಪುರದ ಸಿದ್ಧಲಿಂಗ ಯತಿ ‘ಶೂನ್ಯಸಂಪಾದನೆ’ಯ ಒಂದು ಪಾಠವನ್ನು ಕಟ್ಟಿದವರು. ಮುಂದೆ ಎಷ್ಟೋ ಕಟ್ಟುಗಳು ದೇವರ ಜಗಲಿಯೇರಿ ವಿಭೂತಿ ಪತ್ರೆ ಪಡೆದವು, ಆದರೆ ಯಾರೂ ಅವನ್ನು ಬಿಚ್ಚಲಿಲ್ಲ. ಗೆದ್ದಲು ಹಿಡಿದವು, ಹೊಳೆಗೆ ಬಿಟ್ಟವು ಹೋಗಿಯೇಬಿಟ್ಟವು. ಉಳಿದವನ್ನು ಫ.ಗು. ಹಳಕಟ್ಟಿ ಮನೆಮನೆ ಅಲೆದು ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು.

ಶಾನುಭೋಗರ ಕಡತಕ್ಕೂ ಈ ಗೌರವ ಹಬ್ಬಿತು. ಹುಣಸೆಬೀಜದ ಅಂಟಿಗೆ ಇದ್ದಿಲಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಸಿ, ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ನವರಾತ್ರಿಯಲ್ಲಿ ಮನೆಯ ಪುಸ್ತಕಗಳು ಸರಸ್ವತಿಯ ಮುಂದೆ ಸೇರುತ್ತವೆ, ಅಂಗಡಿಯ ಲೆಕ್ಕದ ಪುಸ್ತಕಕ್ಕೂ ಪೂಜೆಯಾಗುತ್ತದೆ. ಪೂಜೆಗಿಟ್ಟ ಪುಸ್ತಕವನ್ನು ವಿಸರ್ಜನೆಯವರೆಗೆ ಓದುವಂತಿಲ್ಲ. ತಟ್ಟೆಯ ಅಕ್ಕಿಯಲ್ಲಿ ಮಗುವಿನ ಬೆರಳು ಹಿಡಿದು ಮೊದಲ ಅಕ್ಷರ ತಿದ್ದಿಸುತ್ತಾರೆ. ಕಾಲಿಗೆ ಕಾಗದ ತಾಗಿದರೆ ಕಣ್ಣಿಗೊತ್ತಿಕೊಳ್ಳುವುದು ಈಗಲೂ ಉಳಿದಿದೆ.

ಹಳತಾದ ಬರಹವನ್ನು ಕಳುಹಿಸಿಕೊಡುವ ಬಗೆ ಒಂದೊಂದು ಕಡೆ ಒಂದೊಂದು. ಮುಸ್ಲಿಮರು ಜೀರ್ಣವಾದ ಕುರಾನಿನ ಹಾಳೆಗಳನ್ನು ಬಟ್ಟೆಯಲ್ಲಿ ಸುತ್ತಿ ಹೂಳುತ್ತಾರೆ. ಚೀನಾದಲ್ಲಿ ಅಕ್ಷರವಿದ್ದ ಚೂರುಕಾಗದವನ್ನೂ ಬೀದಿಯಿಂದ ಆಯ್ದು, ಗೋಪುರದಂಥ ಒಲೆಯಲ್ಲಿ ಸುಟ್ಟು, ಬೂದಿಯನ್ನು ನೀರಿಗೆ ಬಿಡುತ್ತಿದ್ದರು. ಲಿಪಿ ಸೃಷ್ಟಿಸಿದನೆಂದು ನಂಬಲಾದ ಚಾಂಗ್‌ಜಿಯೆ, ವಿದ್ಯಾದೇವ ವೆನ್‌ಚಾಂಗ್ ಅಲ್ಲಿ ಪೂಜೆ ಪಡೆಯುತ್ತಾರೆ.

ಇತ್ತ ಮೈಸೂರಿನಲ್ಲಿ 1891ರಲ್ಲಿ ಆರಂಭವಾದ ಪ್ರಾಚ್ಯ ಗ್ರಂಥಾಲಯ ಓಲೆಗಳನ್ನು ಓದಿಸಿ ಅಚ್ಚು ಹಾಕುವ ಕೆಲಸಕ್ಕೆ ನೆಲೆಯಾಯಿತು. ಅಲ್ಲಿ ಆರ್. ಶಾಮಶಾಸ್ತ್ರಿ ಗುರುತಿಸಿದ ಕೌಟಿಲ್ಯನ ‘ಅರ್ಥಶಾಸ್ತ್ರ’ 1909ರಲ್ಲಿ ಅಚ್ಚಾಯಿತು. ಓಲೆಗರಿಗಳ ಧೂಳು ಒರೆಸಿ, ಮಜ್ಜಿಗೆಹುಲ್ಲಿನ ಎಣ್ಣೆ ಸವರಿ, ಪ್ರತಿ ಗರಿಯ ಚಿತ್ರ ತೆಗೆದಿಡುವುದು ಇಂದಿನ ಕ್ರಮ.