ನಿಂತ ಕಾರಿನಲ್ಲಿ ಬ್ಯಾಟರಿ ಬರಿದಾಗುವಿಕೆ

ಎಂಜಿನ್ ಆರಿಸಿ ಕೀಲಿ ತೆಗೆದ ಮೇಲೂ ವಾಹನದ ಯಾವುದೋ ಮಂಡಲ ಮಿತಿಮೀರಿ ವಿದ್ಯುತ್ತನ್ನು ಸೆಳೆಯುತ್ತಿರುವುದರಿಂದ ಬ್ಯಾಟರಿ ಖಾಲಿಯಾಗುವ ದೋಷ. ರಾತ್ರಿ ನಿಲ್ಲಿಸಿದ ಕಾರು ಬೆಳಿಗ್ಗೆ ಸೆಲ್ಫ್ ತೆಗೆದುಕೊಳ್ಳದಿರುವುದು, ಸ್ಟಾರ್ಟರ್ ಟಿಕ್ ಟಿಕ್ ಎಂದು ಸದ್ದು ಮಾಡಿ ಸುಮ್ಮನಾಗುವುದು ಇದರ ಸಾಮಾನ್ಯ ಲಕ್ಷಣಗಳು. ಹಳೆಯದಾದ ಬ್ಯಾಟರಿ, ಸರಿಯಾಗಿ ಚಾರ್ಜ್ ಮಾಡದ ಆಲ್ಟರ್ನೇಟರ್ ಮತ್ತು ತುಕ್ಕು ಹಿಡಿದ ಟರ್ಮಿನಲ್ ಕೂಡ ಇದೇ ಲಕ್ಷಣಗಳನ್ನು ತೋರುವುದರಿಂದ ಅಳತೆ ಮಾಡದೆ ಕಾರಣವನ್ನು ನಿರ್ಧರಿಸಲಾಗದು.

ಹಿನ್ನೆಲೆ

ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ 1859ರಲ್ಲಿ ಸೀಸ-ಆಮ್ಲ ಬ್ಯಾಟರಿಯನ್ನು ರೂಪಿಸಿದನು. ಚಾರ್ಲ್ಸ್ ಕೆಟರಿಂಗ್ ವಿನ್ಯಾಸಗೊಳಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂದ ಬಳಿಕ, ಹ್ಯಾಂಡಲ್ ತಿರುಗಿಸಿ ಎಂಜಿನ್ ಚಾಲೂ ಮಾಡುವ ಪದ್ಧತಿ ಕ್ರಮೇಣ ಮರೆಯಾಗಿ, ಬ್ಯಾಟರಿ ಕಾರಿನ ಅನಿವಾರ್ಯ ಅಂಗವಾಯಿತು. ಬಾಷ್ ಸಂಸ್ಥೆ 1986ರಲ್ಲಿ ಪ್ರಕಟಿಸಿದ ಕ್ಯಾನ್ ಸಂವಹನ ವ್ಯವಸ್ಥೆಯ ನಂತರ ಕಾರಿನೊಳಗೆ ಪರಸ್ಪರ ಸಂದೇಶ ಕಳಿಸುವ ನಿಯಂತ್ರಣ ಘಟಕಗಳು ಹೆಚ್ಚಿದವು. ನಿಂತ ಕಾರಿನಲ್ಲೂ ಇವುಗಳಲ್ಲಿ ಕೆಲವು ಎಚ್ಚರವಾಗಿರಬೇಕಾಗುತ್ತದೆ.

ಸಹಜ ಬಳಕೆ ಮತ್ತು ಅದರ ಮಿತಿ

ಗಡಿಯಾರ, ಕಳ್ಳತನ ತಡೆಯುವ ಅಲಾರಂ, ಕೀಲಿಯ ಸಂಕೇತಕ್ಕೆ ಕಾಯುವ ಗ್ರಾಹಕ ಮತ್ತು ಎಂಜಿನ್ ಘಟಕದ ಸ್ಮೃತಿ ಸದಾ ಅಲ್ಪ ವಿದ್ಯುತ್ತನ್ನು ಬಳಸುತ್ತವೆ. ಹೆಚ್ಚಿನ ಕಾರುಗಳಲ್ಲಿ ಇದು ಒಟ್ಟಾರೆ 20ರಿಂದ 50 ಮಿಲಿಆಂಪಿಯರ್‌ನಷ್ಟಿರುತ್ತದೆ. 50 ಮಿಲಿಆಂಪಿಯರ್ ಸೆಳೆತ ದಿನಕ್ಕೆ 1.2 ಆಂಪಿಯರ್-ಗಂಟೆಯಾಗುವುದರಿಂದ, ಸಣ್ಣ ಕಾರಿನ 35 ಆಂಪಿಯರ್-ಗಂಟೆ ಸಾಮರ್ಥ್ಯದ ಬ್ಯಾಟರಿ ಸುಮಾರು ಎರಡು ವಾರಗಳಲ್ಲಿ ಅರ್ಧದಷ್ಟು ಇಳಿಯುತ್ತದೆ. ಹೀಗಾಗಿ ತಿಂಗಳುಗಟ್ಟಲೆ ನಿಂತ ಕಾರು ಚಾಲೂ ಆಗದಿದ್ದರೆ ಅದನ್ನು ದೋಷವೆನ್ನಲಾಗದು. ಆದರೆ ಡಿಕ್ಕಿಯ 5 ವಾಟ್ ದೀಪವೊಂದು ಆರದೆ ಉಳಿದರೂ ಅದು ಸುಮಾರು 0.4 ಆಂಪಿಯರ್ ಸೆಳೆದು, ಅದೇ ಬ್ಯಾಟರಿಯನ್ನು ಎರಡು ದಿನದೊಳಗೆ ಅರ್ಧಕ್ಕೆ ಇಳಿಸುತ್ತದೆ.

ಪತ್ತೆ ವಿಧಾನ

ಮೊದಲು ಬ್ಯಾಟರಿಯನ್ನೇ ಪರೀಕ್ಷಿಸಬೇಕು. ಪೂರ್ತಿ ಚಾರ್ಜ್ ಆಗಿ ಕೆಲವು ಗಂಟೆ ಸುಮ್ಮನಿದ್ದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ, 12.2 ವೋಲ್ಟ್ ಎಂದರೆ ಹೆಚ್ಚುಕಡಿಮೆ ಅರ್ಧ ಚಾರ್ಜ್. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.7 ವೋಲ್ಟ್ ಇದ್ದರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿದೆ ಎಂದು ತಿಳಿಯಬಹುದು, ಆದರೂ ಇತ್ತೀಚಿನ ಕೆಲವು ಕಾರುಗಳು ಇಂಧನ ಉಳಿಸಲು ಈ ಮಟ್ಟವನ್ನು ಬೇಕೆಂದೇ ತಗ್ಗಿಸುತ್ತವೆ.

ಸೆಳೆತವನ್ನು ಅಳೆಯುವಲ್ಲಿ ಅವಸರ ಸಲ್ಲದು. ಕಾರಿಗೆ ಬೀಗ ಹಾಕಿದ ಕೂಡಲೇ ಎಲ್ಲ ಘಟಕಗಳೂ ನಿದ್ರಾವಸ್ಥೆಗೆ, ಅಂದರೆ ಅತ್ಯಲ್ಪ ವಿದ್ಯುತ್ ಬಳಸುವ ಸ್ಥಿತಿಗೆ, ಹೋಗುವುದಿಲ್ಲ; ಕೆಲವಕ್ಕೆ ಹತ್ತು ನಿಮಿಷ ಸಾಕು, ಕೆಲವಕ್ಕೆ ಒಂದು ಗಂಟೆಯೂ ಬೇಕು. ಆದ್ದರಿಂದ ಬಾನೆಟ್ ತೆರೆದಿಟ್ಟು, ಅದರ ಮತ್ತು ಬಾಗಿಲಿನ ಚಿಲಕಗಳನ್ನು ಸ್ಕ್ರೂಡ್ರೈವರ್‌ನಿಂದ ಮುಚ್ಚಿದ ಸ್ಥಿತಿಗೆ ತಂದು, ಕೀಲಿಯನ್ನು ಕಾರಿನಿಂದ ದೂರವಿಟ್ಟು ಕಾಯಬೇಕು. ನೇರ ವಿದ್ಯುತ್ತಿನ ಮಿಲಿಆಂಪಿಯರ್‌ಗಳನ್ನು ತೋರಿಸಬಲ್ಲ ಕ್ಲಾಂಪ್ ಮೀಟರನ್ನು ಋಣ ತಂತಿಗೆ ಸುತ್ತಿ ಅಳೆಯುವುದು ಮೇಲು. ಮಲ್ಟಿಮೀಟರನ್ನು ಋಣ ತಂತಿ ಮತ್ತು ಟರ್ಮಿನಲ್ ನಡುವೆ ಸೇರಿಸುವುದಾದರೆ, ಸಂಪರ್ಕ ಕಡಿದು ಮತ್ತೆ ಕೂಡಿಸುವಾಗ ನಿದ್ರಿಸಿದ ಘಟಕಗಳು ಎಚ್ಚರಗೊಳ್ಳುತ್ತವೆ, ಅಂಟಿಕೊಂಡ ರಿಲೇ, ಅಂದರೆ ವಿದ್ಯುತ್ತಿನಿಂದ ಚಲಿಸುವ ಸ್ವಿಚ್, ಬಿಟ್ಟುಕೊಂಡು ದೋಷವೇ ಕಾಣದಂತಾಗಲೂಬಹುದು. ಮೀಟರ್ ಸರಣಿಯಲ್ಲಿರುವಾಗ ಎಂಜಿನ್ ಚಾಲೂ ಮಾಡಿದರೆ ಅದರೊಳಗಿನ ಫ್ಯೂಸ್ ಸುಡುತ್ತದೆ.

ಸೆಳೆತ ಹೆಚ್ಚಿರುವುದು ಖಚಿತವಾದ ಮೇಲೆ ಫ್ಯೂಸ್‌ಗಳನ್ನು ಒಂದೊಂದಾಗಿ ಕಿತ್ತು ನೋಡುವುದು ಹಳೆಯ ರೂಢಿ. ಇಲ್ಲೂ ಅದೇ ತೊಡಕಿದೆ: ಫ್ಯೂಸನ್ನು ಮತ್ತೆ ಕೂರಿಸಿದಾಗ ಅದರ ಘಟಕ ಎದ್ದು ಅಳತೆಯನ್ನು ಕೆಡಿಸುತ್ತದೆ. ಫ್ಯೂಸ್‌ನ ತಲೆಯ ಮೇಲಿರುವ ಎರಡು ಸಣ್ಣ ಲೋಹಬಿಂದುಗಳಿಗೆ ಮೀಟರಿನ ಮೊನೆಗಳನ್ನು ತಾಗಿಸಿ, ಅವುಗಳ ನಡುವಿನ ವೋಲ್ಟೇಜ್ ಕುಸಿತವನ್ನು ಅಳೆಯುವ ಕ್ರಮದಲ್ಲಿ ಏನನ್ನೂ ಕೀಳಬೇಕಾಗಿಲ್ಲ. 10 ಆಂಪಿಯರ್ ಬ್ಲೇಡ್ ಫ್ಯೂಸ್‌ನ ರೋಧ ಸುಮಾರು 7ರಿಂದ 8 ಮಿಲಿಓಮ್ ಇರುವುದರಿಂದ, ಅದರ ಮೇಲೆ 1 ಮಿಲಿವೋಲ್ಟ್ ಕಂಡರೆ ಆ ಮಾರ್ಗದಲ್ಲಿ ಹೆಚ್ಚುಕಡಿಮೆ 130 ಮಿಲಿಆಂಪಿಯರ್ ಹರಿಯುತ್ತಿದೆ. ಸೊನ್ನೆ ಕಂಡರೆ ಆ ಮಾರ್ಗವನ್ನು ಬಿಟ್ಟು ಮುಂದಿನದಕ್ಕೆ ಹೋಗಬಹುದು. ಹೆಚ್ಚಿನ ಆಂಪಿಯರ್‌ನ ಫ್ಯೂಸ್‌ಗೆ ರೋಧ ಕಡಿಮೆಯಾದ್ದರಿಂದ ಅಷ್ಟೇ ಮಿಲಿವೋಲ್ಟ್ ಅಲ್ಲಿ ಹೆಚ್ಚಿನ ಸೆಳೆತವನ್ನು ಸೂಚಿಸುತ್ತದೆ.

ಎಲ್ಲ ಸಣ್ಣ ಫ್ಯೂಸ್‌ಗಳೂ ಸರಿಯಿದ್ದರೆ ಆಲ್ಟರ್ನೇಟರ್‌ನತ್ತ ನೋಡಬೇಕು. ಅದರ ದಪ್ಪ ತಂತಿ ಈ ಸಣ್ಣ ಫ್ಯೂಸ್‌ಗಳನ್ನು ಹಾಯದೆ ಬ್ಯಾಟರಿಗೆ ಸೇರುತ್ತದೆ. ಒಳಗಿನ ಡಯೋಡ್, ಅಂದರೆ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಭಾಗ, ಕೆಟ್ಟರೆ ಬ್ಯಾಟರಿಯಿಂದ ಹಿಮ್ಮುಖವಾಗಿ ವಿದ್ಯುತ್ ಹರಿಯುತ್ತದೆ.

ಸಾಮಾನ್ಯ ಕಾರಣಗಳು ಮತ್ತು ದುರಸ್ತಿ

ಹೊರಗಿನಿಂದ ಕೂರಿಸಿದ ಮ್ಯೂಸಿಕ್ ಸಿಸ್ಟಮ್, ಡ್ಯಾಶ್ ಕ್ಯಾಮೆರಾ ಮತ್ತು ಜಿಪಿಎಸ್ ಟ್ರ್ಯಾಕರ್‌ಗಳನ್ನು ಮೊದಲು ಶಂಕಿಸಬೇಕು. ಕೀಲಿಯೊಂದಿಗೆ ಆರಬೇಕಾದ ತಂತಿಯನ್ನು ಸದಾ ಜೀವಂತವಾಗಿರುವ ತಂತಿಗೆ ಜೋಡಿಸಿರುವುದು ಅಪರೂಪವಲ್ಲ. ಅಂತಹ ಜೋಡಣೆಯನ್ನು ಬದಲಿಸಿದರೆ, ಅಂಟಿಕೊಂಡ ರಿಲೇ ಅಥವಾ ದೀಪದ ಸ್ವಿಚ್ ಹೊಸದು ಹಾಕಿದರೆ ದೋಷ ನೀಗುತ್ತದೆ. ಬ್ಯಾಟರಿ ಬಿಚ್ಚುವಾಗ ಋಣ ತಂತಿಯನ್ನು ಮೊದಲು ತೆಗೆದು ಕೊನೆಗೆ ಹಾಕಬೇಕು. ಇಲ್ಲವಾದರೆ ಧನ ಟರ್ಮಿನಲ್ ಬಿಚ್ಚುವ ಸ್ಪ್ಯಾನರ್ ಕಾರಿನ ಮೈಗೆ ತಾಗಿ ಕಿಡಿ ಹಾರಬಹುದು. ಚಾರ್ಜಿಂಗ್ ವೇಳೆ ಹೊಮ್ಮುವ ಹೈಡ್ರೋಜನ್ ಅನಿಲ ಹೊತ್ತಿಕೊಳ್ಳಲು ಆ ಕಿಡಿಯೇ ಸಾಕು.

ಖಾಲಿಯಾದ ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ ಫಲಕಗಳ ಮೇಲಿನ ಸೀಸದ ಸಲ್ಫೇಟ್ ದಪ್ಪ ಹರಳುಗಟ್ಟಿ ಸಾಮರ್ಥ್ಯ ಶಾಶ್ವತವಾಗಿ ಕುಗ್ಗುತ್ತದೆ. ಆದುದರಿಂದ ಚಾರ್ಜರ್‌ನಿಂದ ಬೇಗ ಪೂರ್ತಿ ತುಂಬಿಸುವುದು ಅಗತ್ಯ. ಸೆಳೆತದ ಮೂಲವನ್ನು ಹುಡುಕದೆ ಬ್ಯಾಟರಿಯನ್ನಷ್ಟೇ ಬದಲಿಸುವುದನ್ನು ದುರಸ್ತಿ ಎನ್ನಲಾಗದು, ಏಕೆಂದರೆ ಅದೇ ಸೆಳೆತ ಹೊಸ ಬ್ಯಾಟರಿಯನ್ನೂ ಅಷ್ಟೇ ವೇಗವಾಗಿ ಬರಿದು ಮಾಡುತ್ತದೆ.