ಬಸ್ಸು ನಿಲ್ಲುವ ಊರು, ಸಾಮ್ರಾಜ್ಯ ನಿಂತಿದ್ದ ಊರು: ಮಳಖೇಡ

1/8
ಒಂದು ಅಂಕದ ಪ್ರಶ್ನೆ. "ರಾಷ್ಟ್ರಕೂಟರ ರಾಜಧಾನಿ ಯಾವುದು?" ಉತ್ತರ: ಮಾನ್ಯಖೇಟ. ಹೈಸ್ಕೂಲಿನಲ್ಲಿ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ, ಪ್ರತಿ ಸಲವೂ ಅಂಕ ಸಿಕ್ಕಿದೆ. ಆದ್ರೆ ಆ ಮಾನ್ಯಖೇಟ ಅಂದ್ರೆ ಸೇಡಂ ಕಡೆಯಿಂದ ಕಲಬುರಗಿಗೆ ಹೋಗುವಾಗ ನಮ್ಮ ಬಸ್ಸು ನಿಲ್ಲುತ್ತಿದ್ದ ಮಳಖೇಡವೇ ಅಂತ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಕಾಲೇಜಿನ ಮೂರು ವರ್ಷ ಆ ಸ್ಟಾಪಿನಲ್ಲಿ ಕಿಟಕಿಯಿಂದ ಕೈ ಚಾಚಿ ಶೇಂಗಾ ತಗೊಂಡಿದ್ದೀನಿ. ಒಂದು ಸಲವೂ ಇಳಿದಿಲ್ಲ.

ಬೆಂಗಳೂರಿಗೆ ಬಂದು ಹಂಪಿಗೆ ನಾಲ್ಕು ಸಲ, ಬಾದಾಮಿಗೆ ಎರಡು ಸಲ ಹೋದೆ. ನಿಮಗೆಲ್ಲ ಆ ಫೋಟೊಗಳು ಗೊತ್ತೇ ಇವೆ. ಈ ದೀಪಾವಳಿಗೆ ಊರಿಗೆ ಹೋದವನು ಕೊನೆಗೂ ಮಳಖೇಡದಲ್ಲಿ ಇಳಿದೆ. ಈ ಸರಣಿ ಅದರದ್ದು. ಸ್ವಲ್ಪ ಉದ್ದ ಇದೆ, ಪುರುಸೊತ್ತಾದಾಗ ಓದಿ.

2/8
ಮೊದಲನೇ ಫೋಟೊ: ಕಾಗಿಣಾ ನದಿ. ಭೀಮೆಯನ್ನು ಸೇರುವ ಹೊಳೆ ಇದು. ದಡದಲ್ಲಿ ಕಾಣುವ ಗೋಡೆಯೇ ಕೋಟೆ. ಇದನ್ನು ನೋಡಿ "ಅಬ್ಬಾ, ರಾಷ್ಟ್ರಕೂಟರ ಕೋಟೆ!" ಅನ್ನಬೇಡಿ. ನಾನೂ ಹಾಗೇ ಅಂದುಕೊಂಡಿದ್ದೆ. ಈಗ ನಿಂತಿರುವ ಗೋಡೆ, ಬುರುಜುಗಳಲ್ಲಿ ಹೆಚ್ಚಿನವು ಆಮೇಲಿನ ಕಾಲದವು. ರಾಷ್ಟ್ರಕೂಟರ ನಂತರ ಕಲ್ಯಾಣದ ಚಾಲುಕ್ಯರು, ಬಹಮನಿಗಳು, ನಿಜಾಮರು ಅಂತ ಎಷ್ಟೋ ಆಳ್ವಿಕೆ ಕಂಡ ಊರಿದು. ಒಬ್ಬರು ಕಟ್ಟಿದ ಮೇಲೆ ಇನ್ನೊಬ್ಬರು ಕಟ್ಟಿದ್ದಾರೆ.

ಕೋಟೆಯೊಳಗೆ ಮನೆಗಳಿವೆ, ಜನ ಇದ್ದಾರೆ. ಒಂದು ಮನೆಯ ಹಿಂಗೋಡೆಯೇ ಕೋಟೆಯ ಗೋಡೆ. ಕಟ್ಟೆ ಮೇಲೆ ಕೂತಿದ್ದ ಅಜ್ಜ ನನ್ನ ಕ್ಯಾಮೆರಾ ನೋಡಿ, "ಇಲ್ಲೇನ್ ಅದರೀ ನೋಡ್ಲಾಕ? ಎಲ್ಲಾ ಬಿದ್ದ್ ಹೋಗ್ಯಾದ" ಅಂದರು. ಮಳೆಗೆ ಕುಸಿದ ಜಾಗವನ್ನು ಕೈ ಮಾಡಿ ತೋರಿಸಿದರು. ಆಮೇಲೆ ಒಂದು ತಾಸು ಅವರೇ ಜೊತೆಗೆ ಬಂದು ಎಲ್ಲ ತೋರಿಸಿದರು, ಅದು ಬೇರೆ ಮಾತು.

3/8
ಈ ಊರು ಎಷ್ಟು ದೊಡ್ಡದಾಗಿತ್ತು?

ಸುಮಾರು 753ರಲ್ಲಿ ದಂತಿದುರ್ಗ ಬಾದಾಮಿ ಚಾಲುಕ್ಯರನ್ನು ಸೋಲಿಸಿ ರಾಷ್ಟ್ರಕೂಟರ ಆಳ್ವಿಕೆ ಶುರು ಮಾಡಿದ. ಅವನ ನಂತರ ಬಂದ ಒಂದನೇ ಕೃಷ್ಣನ ಕಾಲದ್ದು ಎಲ್ಲೋರದ ಕೈಲಾಸನಾಥ, ಒಂದೇ ಬಂಡೆಯನ್ನು ಮೇಲಿನಿಂದ ಕೆಳಗೆ ಕೊರೆದು ಮಾಡಿದ ದೇಗುಲ. ಮೂರನೇ ಗೋವಿಂದ ಉತ್ತರದಲ್ಲಿ ಕನೌಜಿನ ಜಗಳದವರೆಗೂ ದಂಡೆತ್ತಿ ಹೋದವನು. ಅವನ ಮಗ ಅಮೋಘವರ್ಷ ನೃಪತುಂಗ 814ರಲ್ಲಿ ಪಟ್ಟಕ್ಕೆ ಬಂದಾಗ ಇನ್ನೂ ಹುಡುಗ. ದಂಗೆ ಎದ್ದಿತು, ಸಿಂಹಾಸನ ಅಲುಗಾಡಿತು. ಗುಜರಾತಿನ ಶಾಖೆಯ ದಾಯಾದಿ ಕರ್ಕ ಬಂದು ನಿಂತಿದ್ದರಿಂದ ಉಳಿದುಕೊಂಡ. ಆಮೇಲೆ ಸುಮಾರು 64 ವರ್ಷ ಆಳಿದ.

ಮಾನ್ಯಖೇಟವನ್ನು ರಾಜಧಾನಿಯಾಗಿ ಬೆಳೆಸಿದವನು ಇವನೇ. ದೇವೇಂದ್ರನ ಪಟ್ಟಣವನ್ನೇ ನಾಚಿಸುವ ಊರು ಕಟ್ಟಿದ ಅಂತ ಅವನ ವಂಶದವರು ನಂತರದ ತಾಮ್ರಪಟಗಳಲ್ಲಿ ಹೊಗಳಿಕೊಂಡಿದ್ದಾರೆ. ಹೊಗಳಿಕೆ ಇರಬಹುದು, ಬಿಡಿ. ಆದರೆ ಹೊರಗಿನವರ ಸಾಕ್ಷಿಯೂ ಇದೆ. ವ್ಯಾಪಾರಿ ಸುಲೈಮಾನನ ಹೆಸರಿನಲ್ಲಿ ಪ್ರಸಿದ್ಧವಾದ, 851ರ ಅರಬ್ಬೀ ಬರಹ ಲೋಕದ ನಾಲ್ಕು ದೊಡ್ಡ ರಾಜರನ್ನು ಎಣಿಸುತ್ತದೆ: ಬಾಗ್ದಾದಿನ ಖಲೀಫ, ಚೀನಾದ ಚಕ್ರವರ್ತಿ, ರೋಮಿನ ದೊರೆ, ಆಮೇಲೆ "ಬಲ್ಹರಾ". ಬಲ್ಹರಾ ಅಂದ್ರೆ ವಲ್ಲಭರಾಜ, ಅಂದ್ರೆ ನಮ್ಮ ರಾಷ್ಟ್ರಕೂಟ ದೊರೆ. ನಾನು ಶೇಂಗಾ ತಗೊಂಡ ಸ್ಟಾಪು ಬಾಗ್ದಾದಿನ ಸಾಲಿನಲ್ಲಿತ್ತು!

4/8
ಈ ರಾಜನನ್ನು ನನಗೆ ಹತ್ತಿರದವನನ್ನಾಗಿ ಮಾಡಿದ್ದು ಅವನ ಯುದ್ಧಗಳಲ್ಲ. ಸಂಜಾನ್ ತಾಮ್ರಪಟ ಒಂದು ವಿಷಯ ಹೇಳುತ್ತದೆ. ನಾಡಿಗೆ ಬಂದ ಕೇಡು ಕಳೆಯಲಿ ಅಂತ ಅಮೋಘವರ್ಷ ತನ್ನ ಬೆರಳನ್ನೇ ಕತ್ತರಿಸಿ ಮಹಾಲಕ್ಷ್ಮಿಗೆ ಅರ್ಪಿಸಿದನಂತೆ. ಅದೇ ಮನುಷ್ಯ ಜೈನ ಆಚಾರ್ಯ ಜಿನಸೇನರ ಪಾದಕ್ಕೆ ಎರಗಿದ ಅಂತ ಅವರ ಶಿಷ್ಯ ಗುಣಭದ್ರ ಬರೆದಿದ್ದಾನೆ. ಮಹಾಲಕ್ಷ್ಮಿಯೂ ಇವನ ದೇವರೇ, ಜಿನನೂ ಇವನ ದೇವರೇ.

ಇವನ ಆಶ್ರಯದ ಪಟ್ಟಿ ನೋಡಿ. ಜಿನಸೇನರು ಆದಿಪುರಾಣ ಬರೆದರು. ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರೆದ, ಬರೀ ಗಣಿತಕ್ಕೇ ಮೀಸಲಾದ ಪುಸ್ತಕ. ಶಾಕಟಾಯನ ವ್ಯಾಕರಣ ಬರೆದು ಅದರ ವೃತ್ತಿಗೆ ರಾಜನ ಹೆಸರಿಟ್ಟು "ಅಮೋಘವೃತ್ತಿ" ಅಂದ. ಇವೆಲ್ಲ ಸಂಸ್ಕೃತದಲ್ಲಿ.

ಕನ್ನಡದಲ್ಲಿ? ಕವಿರಾಜಮಾರ್ಗ.

5/8
ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಕನ್ನಡ ಕೃತಿ ಅದು, ಸುಮಾರು 850ರದ್ದು. ಬರೆದವನು ಶ್ರೀವಿಜಯ, ಒಪ್ಪಿಗೆಯ ಮುದ್ರೆ ನೃಪತುಂಗನದ್ದು. ದಂಡಿಯ ಕಾವ್ಯಾದರ್ಶವನ್ನು ಮುಂದಿಟ್ಟುಕೊಂಡು, ಕನ್ನಡಕ್ಕೆ ಏನು ಒಗ್ಗುತ್ತದೆ, ಏನು ಒಗ್ಗುವುದಿಲ್ಲ ಅಂತ ಹೇಳುವ ಪುಸ್ತಕ. ಕಾವೇರಿಯಿಂದ ಗೋದಾವರಿವರೆಗೆ ಕನ್ನಡ ನಾಡು ಅಂತ ಗಡಿ ಹೇಳಿದ್ದು ಇದೇ. ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ ಈ ನಾಲ್ಕು ಊರುಗಳ ನಡುವಿನದು ತಿರುಳ್ಗನ್ನಡ ಅಂತ ಹೇಳಿದ್ದೂ ಇದೇ. ಅಂದ್ರೆ ಈಗಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರದ ಸೀಮೆ.

ಗಮನಿಸಿ: ಮಾನ್ಯಖೇಟ ಆ ಪಟ್ಟಿಯಲ್ಲಿಲ್ಲ! ರಾಜಧಾನಿಯ ಆಸ್ಥಾನದಲ್ಲಿ ಕೂತು ಬರೆದ ಪುಸ್ತಕ "ನಮ್ಮ ರಾಜಧಾನಿಯ ಕನ್ನಡವೇ ಶ್ರೇಷ್ಠ" ಅನ್ನಲಿಲ್ಲ. ಓದು ಬರಹ ಇಲ್ಲದವರಿಗೂ ಕವಿತೆ ಕಟ್ಟುವ ಜಾಣ್ಮೆ ಇದೆ ಅಂತ ಈ ನಾಡಿನ ಜನರನ್ನು ಹೊಗಳಿತು. ಬೆಂಗಳೂರಿಗೆ ಬಂದ ಹೊಸದರಲ್ಲಿ ನಾನು "ಅದ, ಬರ್ತಾನ್ರೀ" ಅಂದರೆ ರೂಮಿನವರು ನಗುತ್ತಿದ್ದರು. ಆರು ತಿಂಗಳಲ್ಲಿ ಆ ಮಾತು ಬಿಟ್ಟೆ. ಅಜ್ಜನ ಜೊತೆ ಕೋಟೆಯಲ್ಲಿ ನಡೆಯುವಾಗ ಅದು ತಾನಾಗೇ ವಾಪಸ್ ಬಂತು.

6/8
ಮುಂದಿನ ಎರಡು ಫೋಟೊ: ನೇಮಿನಾಥ ಬಸದಿ. ಹೊರಗಿನಿಂದ ಸಾದಾ ಕಟ್ಟಡ. ಒಳಗೆ ಹಳೆಯ ಕಂಬಗಳು, ತೀರ್ಥಂಕರರ ಮೂರ್ತಿಗಳು. ಸಾಲು ಸಾಲು ಪುಟ್ಟ ಮೂರ್ತಿಗಳಿರುವ ಲೋಹದ ಸಣ್ಣ ಮಂದಿರವೊಂದಿದೆ, ಅದರ ಫೋಟೊ ತೆಗೆಯಲಿಲ್ಲ, ಸುಮ್ಮನೆ ನೋಡಿದೆ. ಆ ಜಿನಸೇನರ ಕಾಲಕ್ಕೂ ನಮಗೂ ನಡುವೆ ಉಳಿದಿರುವ ಎಳೆ ಇದು.

ಊರಿಗೆ ಬರುವ ಹೆಚ್ಚಿನ ಯಾತ್ರಿಕರು ಮಾತ್ರ ಇಲ್ಲಿನ ಬೃಂದಾವನಕ್ಕೆ ಬರುತ್ತಾರೆ. 14ನೇ ಶತಮಾನದ ಮಾಧ್ವ ಯತಿ, ನ್ಯಾಯಸುಧಾ ಬರೆದ ಟೀಕಾಚಾರ್ಯ ಜಯತೀರ್ಥರದ್ದೆಂದು ಭಕ್ತರು ಪೂಜಿಸುವ ಸ್ಥಳ. ಕಾರುಗಳು ಅಲ್ಲಿಗೆ ಬಂದು, ಅಲ್ಲಿಂದಲೇ ತಿರುಗಿ ಹೋಗುತ್ತವೆ. ದೂರದಲ್ಲಿ ಸಿಮೆಂಟ್ ಫ್ಯಾಕ್ಟರಿಯ ಚಿಮಣಿಗಳು. ಈ ಸೀಮೆಯ ನೆಲವೆಲ್ಲ ಸುಣ್ಣದ ಕಲ್ಲು.

7/8
ಹಾಗಾದ್ರೆ ಆ ಊರು ಎಲ್ಲಿ ಹೋಯ್ತು?

949ರಲ್ಲಿ ತಕ್ಕೋಲದ ಯುದ್ಧದಲ್ಲಿ ಮೂರನೇ ಕೃಷ್ಣ ಚೋಳರನ್ನು ಸೋಲಿಸಿದ. ಚೋಳ ರಾಜಕುಮಾರ ರಾಜಾದಿತ್ಯ ಆನೆಯ ಮೇಲೆಯೇ ಸತ್ತ. ಸಾಮ್ರಾಜ್ಯ ಆಗ ಉತ್ತುಂಗದಲ್ಲಿತ್ತು. ಬರೀ 23 ವರ್ಷ. 972ರಲ್ಲಿ, ಕೃಷ್ಣನ ತಮ್ಮ ಖೊಟ್ಟಿಗನ ಕಾಲದಲ್ಲಿ, ಮಾಳವದ ಪರಮಾರ ದೊರೆ ಸೀಯಕ ಬಂದು ಮಾನ್ಯಖೇಟವನ್ನು ಲೂಟಿ ಮಾಡಿದ.

ಈ ಲೂಟಿಗೆ ಇಬ್ಬರು ಬರಹಗಾರರ ನೆನಪಿದೆ. ಒಬ್ಬ ಧನಪಾಲ, ಧಾರಾ ನಗರದವನು, ಗೆದ್ದವರ ಕಡೆಯವನು. ತನ್ನ ತಂಗಿ ಸುಂದರಿಗಾಗಿ ಒಂದು ಪ್ರಾಕೃತ ಶಬ್ದಕೋಶ ಬರೆದ. ಯಾವಾಗ ಬರೆದೆ ಅಂತ ಹೇಳುವಾಗ, ಮಾಳವದವರು ಮಾನ್ಯಖೇಟವನ್ನು ಸೂರೆ ಮಾಡಿದ ಹೊತ್ತಿನಲ್ಲಿ ಅಂತ ಗುರುತು ಹಾಕಿದ.

ಇನ್ನೊಬ್ಬ ಪುಷ್ಪದಂತ. ಅಪಭ್ರಂಶದ ಮಹಾಕವಿ. ಮಾನ್ಯಖೇಟದಲ್ಲೇ ಮಂತ್ರಿ ಭರತನ ಮನೆಯಲ್ಲಿದ್ದು 965ರಲ್ಲಿ ಮಹಾಪುರಾಣ ಮುಗಿಸಿದವನು. ಅವನ ಕಾವ್ಯದ ಹಸ್ತಪ್ರತಿಗಳಲ್ಲಿ ಒಂದು ಶ್ಲೋಕ ಸಿಗುತ್ತದೆ. ಅದರ ಸಾರ: ದೀನರಿಗೆ ಧನವಾಗಿದ್ದ, ಜನ ತುಂಬಿದ್ದ ಈ ಊರು ಧಾರೆಯ ಒಡೆಯನ ಕೋಪದ ಬೆಂಕಿಯಲ್ಲಿ ಸುಟ್ಟುಹೋಯಿತು, ಪುಷ್ಪದಂತ ಕವಿ ಇನ್ನು ಎಲ್ಲಿ ವಾಸ ಮಾಡಬೇಕು?

ಒಬ್ಬನಿಗೆ ತಾರೀಖು, ಇನ್ನೊಬ್ಬನಿಗೆ ಮನೆ.

ಮರುವರ್ಷವೇ, 973ರಲ್ಲಿ, ಚಾಲುಕ್ಯ ತೈಲಪ ರಾಷ್ಟ್ರಕೂಟರ ಆಳ್ವಿಕೆ ಮುಗಿಸಿದ. ಮುಂದೆ ರಾಜಧಾನಿ ಕಲ್ಯಾಣಕ್ಕೆ ಹೋಯಿತು. ವಂಶದ ಕೊನೆಯ ಹೆಸರು ನಾಲ್ಕನೇ ಇಂದ್ರ, 982ರಲ್ಲಿ ಶ್ರವಣಬೆಳಗೊಳದಲ್ಲಿ ಸಲ್ಲೇಖನ ಮಾಡಿ ಪ್ರಾಣ ಬಿಟ್ಟ.

8/8
ಕವಿರಾಜಮಾರ್ಗವೂ ಶತಮಾನಗಳ ಕಾಲ ಓಲೆಗರಿಗಳಲ್ಲೇ ಇತ್ತು. ಕೆ. ಬಿ. ಪಾಠಕರು ಸಂಪಾದಿಸಿ, ಅಚ್ಚಾಗಿ ಹೊರಗೆ ಬಂದಿದ್ದು 1898ರಲ್ಲಿ. ಅಷ್ಟು ಕಾಲ ಯಾರೋ ಅದನ್ನು ಪ್ರತಿ ಮಾಡಿದರು, ಹುಳು ತಿನ್ನದಂತೆ ಕಾದರು, ಮತ್ತೆ ಪ್ರತಿ ಮಾಡಿದರು. ಅವರ ಹೆಸರು ನಮಗೆ ಗೊತ್ತಿಲ್ಲ. ಊರನ್ನು ಯಾರೂ ಹಾಗೆ ಕಾಯಲಿಲ್ಲ. ಅದರಲ್ಲಿ ನನ್ನದೂ ಪಾಲಿದೆ, ಮೂರು ವರ್ಷ ಕಿಟಕಿ ಪಕ್ಕ ಕೂತಿದ್ದವನದ್ದು.

ಹೋಗುವವರಿಗೆ: ಕಲಬುರಗಿಯಿಂದ ಸುಮಾರು 40 ಕಿಲೋಮೀಟರ್, ಸೇಡಂ ಬಸ್ಸು ಹತ್ತಿ. ಬೆಳಿಗ್ಗೆ ಹೋಗಿ, ಬಿಸಿಲು ಜೋರು. ಕೋಟೆಯೊಳಗಿನವು ಜನರ ಮನೆಗಳು, ಕೇಳದೆ ಅಂಗಳಕ್ಕೆ ಕಾಲಿಡಬೇಡಿ. ಬಸದಿಯಲ್ಲಿ ಕ್ಯಾಮೆರಾ ತೆಗೆಯುವ ಮೊದಲು ಕೇಳಿ. ಹಂಪಿಯಂಥದ್ದನ್ನು ನಿರೀಕ್ಷಿಸಬೇಡಿ. ರಾಷ್ಟ್ರಕೂಟರ ಕಟ್ಟಡಗಳನ್ನೇ ನೋಡಬೇಕೆಂದರೆ ಎಲ್ಲೋರ, ಪಟ್ಟದಕಲ್ಲಿನ ಜೈನ ಬಸದಿ, ಕುಕ್ಕನೂರಿನ ನವಲಿಂಗ ಗುಡಿಗೆ ಹೋಗಿ. ಆದರೆ ಒಂದು ಸಲ ಇಲ್ಲೂ ಇಳಿಯಿರಿ.

ಹೊರಡುವಾಗ ಅಜ್ಜ ಮತ್ತೆ ಕೇಳಿದರು, "ಏನ್ ಸಿಕ್ತರೀ ನಿಮಗ?" ನೀವು ಕೂತಿರೋ ಜಾಗದಲ್ಲೇ ಕನ್ನಡದ ಮೊದಲ ಪುಸ್ತಕಕ್ಕೆ ಒಪ್ಪಿಗೆ ಸಿಕ್ಕಿತ್ತು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಪಕ್ಕದಲ್ಲಿ ಆಡುತ್ತಿದ್ದ ಮೊಮ್ಮಗಳನ್ನು ಕರೆದು, "ಇದನ್ನ ಈಕಿಗಿ ಹೇಳ್ರಿ, ಸಾಲಿಗಿ ಹೋಗ್ತಾಳ" ಅಂದರು. ಹೇಳಿದೆ. ಕೊನೆಯ ಫೋಟೊ ಆ ಕಟ್ಟೆಯದು.

ನಿಮ್ಮ ಬಸ್ಸು ನಿಲ್ಲುವ, ನೀವು ಇಳಿಯದ ಊರು ಯಾವುದು? ಕಾಮೆಂಟಿನಲ್ಲಿ ಬರೆಯಿರಿ.

#ಮಳಖೇಡ #ಮಾನ್ಯಖೇಟ #ರಾಷ್ಟ್ರಕೂಟರು #ಕವಿರಾಜಮಾರ್ಗ #ಕಲಬುರಗಿ #ನಮ್ಮಇತಿಹಾಸ