ಸೂರಿನ ನೀರಿಗೆ ಕಾಯಿದೆ ಬಂದ ಬಗೆ

ಬೆಂಗಳೂರಿನ ಮನೆಗಳು ಮಳೆನೀರನ್ನು ಹಿಡಿಯಲೇಬೇಕೆಂಬ ಕಾಯಿದೆ ಬಂದದ್ದು 2009ರಲ್ಲಿ. ಒಂದು ಕಾಲಕ್ಕೆ ಇದೇ ಊರಿನ ಮನೆಗಳು ಆ ಕೆಲಸವನ್ನು ಯಾರೂ ಹೇಳದೆಯೇ ಮಾಡುತ್ತಿದ್ದವು. ಹಳೆಯ ತೊಟ್ಟಿ ಮನೆಗಳಲ್ಲಿ ಹೆಂಚಿನ ಮಾಡು ಒಳಮುಖವಾಗಿ ಇಳಿದು, ಮಳೆನೀರು ನಡುವಿನ ತೊಟ್ಟಿಗೆ ಬೀಳುತ್ತಿತ್ತು. ಸೂರಿನಡಿ ಹಂಡೆ, ಕೊಳಗ ಇರುತ್ತಿದ್ದವು. ಬಚ್ಚಲ ನೀರು ಹಿತ್ತಲಿನ ಬಾಳೆಗೆ, ಕೆಸುವಿನ ಗಿಡಕ್ಕೆ ಹೋಗುತ್ತಿತ್ತು. ಉಳಿದದ್ದಕ್ಕೆ ಬಾವಿ, ಕೆರೆಗಳಿದ್ದವು.

ಈ ರೂಢಿ ಸಡಿಲವಾದದ್ದು ಕೊಳಾಯಿ ಬಂದ ಮೇಲೆ. 1896ರಲ್ಲಿ ಹೆಸರಘಟ್ಟ ಕೆರೆಯಿಂದ ಅರ್ಕಾವತಿಯ ನೀರು ಕೊಳವೆಗಳಲ್ಲಿ ನಗರಕ್ಕೆ ಬಂತು. ಅದು ಸಾಲದೆ 1933ರಲ್ಲಿ ತಿಪ್ಪಗೊಂಡನಹಳ್ಳಿ. ಅದೂ ಸಾಲದೆ 1974ರಲ್ಲಿ ಕಾವೇರಿ. ಸುಮಾರು 100 ಕಿ.ಮೀ. ದೂರದಿಂದ, ಸುಮಾರು 500 ಮೀಟರ್ ಮೇಲಕ್ಕೆ ಪಂಪ್ ಮಾಡಿ ತರುವ ನೀರಿದು. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿ.ಮೀ. ಮಳೆಯಾಗುತ್ತದೆ. ಅಂದರೆ 1,000 ಚದರ ಅಡಿಯ ತಾರಸಿಯೊಂದರ ಮೇಲೇ ಸುಮಾರು 90 ಸಾವಿರ ಲೀಟರ್ ಬೀಳುತ್ತದೆ. ಅದೆಲ್ಲ ನೇರವಾಗಿ ಮೋರಿಗೆ!

ನೆರೆಯ ತಮಿಳುನಾಡು 2003ರಲ್ಲೇ ಸುಗ್ರೀವಾಜ್ಞೆ ಹೊರಡಿಸಿ, ಎಲ್ಲ ಕಟ್ಟಡಗಳಿಗೂ ಮಳೆ ಕೊಯ್ಲನ್ನು ಕಡ್ಡಾಯ ಮಾಡಿತ್ತು. ಕರ್ನಾಟಕ ಆರು ವರ್ಷ ತಡವಾಗಿ, ಕೊಂಚ ಮೆದುವಾಗಿ ಹೆಜ್ಜೆ ಇಟ್ಟಿತು. 1964ರ ಜಲಮಂಡಳಿ ಕಾಯಿದೆಗೆ 72-ಎ ಎಂಬ ಹೊಸ ಕಲಂ ಸೇರಿತು. 2,400 ಚದರ ಅಡಿ ಮತ್ತು ಅದಕ್ಕೂ ದೊಡ್ಡ ನಿವೇಶನದ ಹಳೆಯ ಕಟ್ಟಡಗಳು, 1,200 ಚದರ ಅಡಿ ಮತ್ತು ಅದಕ್ಕೂ ದೊಡ್ಡ ನಿವೇಶನದ ಹೊಸ ಕಟ್ಟಡಗಳು ಇದಕ್ಕೆ ಒಳಪಟ್ಟವು. 30 ಅಡಿಗೆ 40 ಅಡಿ ನಿವೇಶನದಲ್ಲಿ ಆಗಲೇ ಎದ್ದು ನಿಂತಿದ್ದ ಸಾವಿರಾರು ಮನೆಗಳು ಹೀಗೆ ಹೊರಗುಳಿದವು.

ಪಾಲಿಸದವರ ನೀರಿನ ಬಿಲ್ಲಿಗೆ ದಂಡ ಸೇರಿಸುವ ಪದ್ಧತಿ ಆಮೇಲೆ ಬಂತು. ಆದರೆ ಗುಂಡಿ ತೋಡಿಸುವ ಬದಲು ತಿಂಗಳು ತಿಂಗಳೂ ದಂಡ ಕಟ್ಟುವುದೇ ಹಲವರಿಗೆ ಸಲೀಸಾಯಿತು. ಇದನ್ನು ಬರೀ ಸೋಮಾರಿತನ ಎನ್ನಲಾಗದು. ಸಂಪಿಗೆ ಇಳಿಸಿದ ನೀರು ಮನೆಯವರದು. ಮೊದಲ ಮಳೆಯ ಕೊಳೆಯನ್ನು ಹೊರಬಿಟ್ಟು ಸೋಸಿಕೊಂಡರೆ ಬಳಕೆಗೆ ಬಂತು. ಆದರೆ ಸಂಪು ಎರಡು ಮೂರು ಜೋರು ಮಳೆಗೇ ತುಂಬಿಬಿಡುತ್ತದೆ. ಮಿಕ್ಕದ್ದು ಇಂಗುಗುಂಡಿಗೆ. ಇಂಗಿದ ನೀರು ಮೇಲೇಳುವುದು ಪಕ್ಕದ ಮನೆಯ ಬೋರ್‌ವೆಲ್‌ನಲ್ಲೂ ಇರಬಹುದು. ಖರ್ಚು ಒಬ್ಬರದು, ನೀರು ಇಡೀ ಬೀದಿಯದು. ಈ ಲೆಕ್ಕವನ್ನು ಕಾಯಿದೆ ಬಿಡಿಸಲಿಲ್ಲ.

2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್ ನೀರಿಗೆ ಸಾಲು ಬೆಳೆಯಿತು. ಮಾರ್ಚ್‌ನಲ್ಲಿ ಜಲಮಂಡಳಿಯು ಕುಡಿಯುವ ನೀರನ್ನು ಕಾರು ತೊಳೆಯಲು, ತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದು ಸಾರಿತು. ಗಿಡಕ್ಕೆ ಬಚ್ಚಲ ನೀರು ಸಾಕು ಎಂಬ ಹಳೆಯ ತಿಳಿವಳಿಕೆಯನ್ನು ಆಗ ಅನೇಕರು ನೆನಪಿಸಿಕೊಂಡರು. ಆದರೆ ಇಂದಿನ ಸಾಮಾನ್ಯ ಮನೆಯಲ್ಲಿ ಬಚ್ಚಲು, ಅಡುಗೆಮನೆ, ಶೌಚಾಲಯ ಮೂರರ ನೀರೂ ಕೊನೆಗೆ ಒಂದೇ ಒಳಚರಂಡಿಗೆ ಸೇರುತ್ತದೆ. ಅದನ್ನು ಬೇರ್ಪಡಿಸಲು ನೆಲ ಅಗೆದು ಹೊಸ ಕೊಳವೆ ಹಾಕಿಸಬೇಕು. ಅಷ್ಟು ಮಾಡಿದರೂ, ಆ ನೀರು ಬಿಡಲು ಹಿತ್ತಲು ಉಳಿದಿರುವ ಮನೆಗಳು ಕಡಿಮೆ.